ವಿಮಾನ ಚಾಲಕರ ಕಣ್ಣಿನಲ್ಲಿ ಹವಾಮಾನ

ತರಗತಿ: 8ರಿಂದ 10
ವಿಷಯ: ವಿಜ್ಞಾನ ಮತ್ತು ಸಮಾಜ ವಿಜ್ಞಾನ
ಅವಧಿ: ನಾಲ್ಕು

ಕಲಿಕೆಯ ಉದ್ದೇಶಗಳು

ಈ ಪಾಠವನ್ನು ಮುಗಿಸಿದ ವಿದ್ಯಾರ್ಥಿಗಳು
1. ವಾಯುಭಾರ, ತಾಪಮಾನ, ಗಾಳಿ, ಇಬ್ಬನಿ ಬಿಂದು ಇವುಗಳ ಪರಸ್ಪರ ಸಂಬಂಧವನ್ನು ವಿವರಿಸುವರು.
2. ಆಕಾಶದಲ್ಲಿ ಕಂಡದ್ದನ್ನು ಅಂಕಿಗಳಲ್ಲಿ ಬರೆಯಬಲ್ಲವರಾಗುವರು.
3. ಸರಳವಾದ ವಿಮಾನ ನಿಲ್ದಾಣದ ಹವಾವರದಿಯೊಂದನ್ನು ಓದಿ ಅರ್ಥೈಸುವರು.
4. ಅಪಾಯವಿರುವ ಕೆಲಸದಲ್ಲಿ ಮಿತಿಯನ್ನು ಮೊದಲೇ ನಿಶ್ಚಯಿಸಿಕೊಳ್ಳುವುದರ ಅಗತ್ಯವನ್ನು ಮನಗಾಣುವರು.

ಪೀಠಿಕೆ

ಹವಾಮಾನದ ಪಾಠವನ್ನು ನಾವು ಸಾಮಾನ್ಯವಾಗಿ ಬೇಸಾಯದ ಕಡೆಯಿಂದ ಆರಂಭಿಸುತ್ತೇವೆ. ಮಳೆ ಬರುವುದೇ, ಬಿತ್ತನೆಗೆ ಹದವಾಗಿದೆಯೇ ಎಂಬುದು ರೈತನ ಪ್ರಶ್ನೆ. ಅದೇ ಆಕಾಶವನ್ನು ನೋಡುವ ಪೈಲಟ್ ಕೇಳುವ ಪ್ರಶ್ನೆಗಳು ಬೇರೆ. ಮೋಡದ ತಳ ನೆಲದಿಂದ ಎಷ್ಟು ಎತ್ತರದಲ್ಲಿದೆ? ಎಷ್ಟು ದೂರದವರೆಗೆ ಕಣ್ಣು ಕಾಣುತ್ತದೆ? ಗಾಳಿ ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ ಬೀಸುತ್ತಿದೆ? ಇನ್ನು ಎರಡು ಗಂಟೆಯ ಬಳಿಕ, ನಾನು ಇಳಿಯಬೇಕಾದ ಊರಿನಲ್ಲಿ ಇದೆಲ್ಲ ಹೇಗಿರುತ್ತದೆ? ಇಳಿಯಲಾಗದಿದ್ದರೆ ಎಲ್ಲಿಗೆ ಹೋಗಲಿ?

ಇವುಗಳಲ್ಲಿ ಪ್ರತಿಯೊಂದಕ್ಕೂ ಅಂಕಿಯಲ್ಲಿ ಉತ್ತರ ಬೇಕು. 'ಮೋಡ ಕವಿದಿದೆ' ಎಂಬ ಮಾತು ಪೈಲಟ್‌ಗೆ ಸಾಲದು. 'ಆಕಾಶದ ಎಂಟು ಭಾಗಗಳಲ್ಲಿ ಆರು ಭಾಗ, 1,500 ಅಡಿ ಎತ್ತರದಲ್ಲಿ ಮೋಡ' ಎಂದಾಗ ಮಾತ್ರ ಅವರು ನಿರ್ಧಾರಕ್ಕೆ ಬರಬಲ್ಲರು. ಕಂಡದ್ದನ್ನು ಅಳೆಯುವುದು, ಅಳೆದದ್ದನ್ನು ಮೊದಲೇ ಗೊತ್ತುಮಾಡಿಕೊಂಡ ಮಿತಿಯೊಂದಿಗೆ ಹೋಲಿಸುವುದು, ಮಿತಿ ಮೀರಿದ್ದರೆ ಹಿಂಜರಿಯದೆ ಹಿಂದೆಗೆಯುವುದು – ಪೈಲಟ್‌ರ ಹವಾಮಾನ ವಿದ್ಯೆಯೆಲ್ಲ ಈ ಮೂರು ಹೆಜ್ಜೆಗಳಲ್ಲಿ ಅಡಗಿದೆ. ಪಾಠವನ್ನು ಬೋಧಿಸುವಾಗ ಶಿಕ್ಷಕರು ಈ ಮೂರು ಹೆಜ್ಜೆಗಳನ್ನು ಕರಿಹಲಗೆಯ ಮೇಲೆ ಬರೆದಿಟ್ಟುಕೊಂಡು ಮತ್ತೆ ಮತ್ತೆ ಅವುಗಳತ್ತ ಮಕ್ಕಳ ಗಮನವನ್ನು ಸೆಳೆಯಬೇಕು.

ನಮ್ಮ ಶಾಲೆಗಳು ಒಂದೇ ಬಗೆಯ ಹವೆಯಲ್ಲಿಲ್ಲ. ಕಾಸರಗೋಡಿನ ಮಗುವಿಗೆ ಜೂನ್ ತಿಂಗಳ ಜಡಿಮಳೆ ಗೊತ್ತು. ನೀಲಗಿರಿಯ ಮಗುವಿಗೆ ಅಂಗಳಕ್ಕೇ ಇಳಿದು ಬರುವ ಮೋಡ ಗೊತ್ತು. ಜತ್ತ, ಅಕ್ಕಲಕೋಟೆಗಳ ಮಕ್ಕಳಿಗೆ ಮಳೆ ನೆರಳಿನ ಬರಗಾಲ ಗೊತ್ತು. ಆದೋನಿ, ರಾಯದುರ್ಗಗಳ ಮಕ್ಕಳಿಗೆ ಏಪ್ರಿಲ್ ಮೇ ತಿಂಗಳ ಸುಡುಬಿಸಿಲು ಗೊತ್ತು. ಇವೆಲ್ಲವೂ ಪೈಲಟ್ ತಿಳಿದಿರಬೇಕಾದ ಸಂಗತಿಗಳೇ. ಆದುದರಿಂದ ಪ್ರತಿ ಶಾಲೆಯೂ ತನ್ನ ಊರಿನ ಹವೆಯಿಂದಲೇ ಈ ಪಾಠವನ್ನು ಪ್ರಾರಂಭಿಸಬಹುದು.

ಪದಗಳ ಬಗೆಗೆ ಒಂದು ಸೂಚನೆ. ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ರಾಜ್ಯಭಾಷೆಯನ್ನೂ ಆಡುವವರು. ನಾವು ಮಂಜು ಎನ್ನುವುದನ್ನು ಅವರು ಮಲಯಾಳದಲ್ಲಿ ಮೂಡಲ್‌ಮಞ್ಞ್ ಎಂದೂ, ತಮಿಳಿನಲ್ಲಿ ಮೂಡುಪನಿ ಎಂದೂ, ತೆಲುಗಿನಲ್ಲಿ ಪೊಗಮಂಚು ಎಂದೂ, ಮರಾಠಿಯಲ್ಲಿ ಧುಕೆ ಎಂದೂ ಕೇಳಿರುತ್ತಾರೆ. ಆ ಪದಗಳನ್ನು ಮಕ್ಕಳ ಬಾಯಿಂದಲೇ ಹೇಳಿಸಿ, ಕನ್ನಡದ ಪದವನ್ನು ಅದರ ಪಕ್ಕದಲ್ಲಿ ಬರೆಯುವುದು ಒಳ್ಳೆಯದು. ತಿಳಿದ ಪದದ ಆಸರೆಯಿಂದ ಹೊಸ ಪದ ಬೇಗ ನೆಲೆಯೂರುತ್ತದೆ.

1. ವಾಯುಭಾರ ಮತ್ತು ಎತ್ತರ

ನಮ್ಮ ಮೇಲಿರುವ ವಾಯುವಿಗೆ ತೂಕವಿದೆ. ಸಮುದ್ರಮಟ್ಟದಲ್ಲಿ ಅದರ ಒತ್ತಡವನ್ನು ಪ್ರಮಾಣಿತವಾಗಿ 1013.25 ಹೆಕ್ಟೊಪಾಸ್ಕಲ್ ಎಂದು ಇಟ್ಟುಕೊಂಡಿದ್ದಾರೆ; ಪ್ರಮಾಣಿತ ತಾಪಮಾನ 15 ಡಿಗ್ರಿ ಸೆಲ್ಸಿಯಸ್. ಮೇಲಕ್ಕೆ ಹೋದಂತೆ ಎರಡೂ ಕಡಿಮೆಯಾಗುತ್ತವೆ. ವಾಯುಮಂಡಲದ ಕೆಳ ಪದರದಲ್ಲಿ ತಾಪಮಾನವು ಸರಾಸರಿ 1,000 ಮೀಟರಿಗೆ 6.5 ಡಿಗ್ರಿಯಂತೆ ಇಳಿಯುತ್ತದೆ. ವಾಯುಭಾರವು ಸಮುದ್ರಮಟ್ಟದ ಸಮೀಪದಲ್ಲಿ ಸುಮಾರು 8 ಮೀಟರ್ ಏರಿದರೆ 1 ಹೆಕ್ಟೊಪಾಸ್ಕಲ್‌ನಷ್ಟು ಕುಗ್ಗುತ್ತದೆ.

ವಿಮಾನದ ಎತ್ತರಮಾಪಕವು ಈ ನಿಯಮವನ್ನೇ ಬಳಸಿಕೊಳ್ಳುತ್ತದೆ. ಅದು ನಿಜವಾಗಿ ಅಳೆಯುವುದು ಎತ್ತರವನ್ನಲ್ಲ, ವಾಯುಭಾರವನ್ನು. ಹೊರಗಿನ ವಾಯುಭಾರ ಕುಗ್ಗಿದರೆ 'ಮೇಲೇರಿದ್ದೇವೆ' ಎಂದು ತೋರಿಸುತ್ತದೆ. ಇಲ್ಲಿಯೇ ಒಂದು ತೊಡಕಿದೆ. ವಾಯುಭಾರವು ಎತ್ತರದಿಂದ ಮಾತ್ರವಲ್ಲ, ಹವೆಯಿಂದಲೂ ಬದಲಾಗುತ್ತದೆ. ಹೆಚ್ಚು ವಾಯುಭಾರವಿರುವ ಊರಿನಿಂದ ಹೊರಟ ವಿಮಾನವು 10 ಹೆಕ್ಟೊಪಾಸ್ಕಲ್ ಕಡಿಮೆ ಇರುವ ಊರಿಗೆ ಬಂದಿತೆನ್ನೋಣ. ಪೈಲಟ್ ಮಾಪಕವನ್ನು ಹೊಂದಿಸದೆ ಬಿಟ್ಟರೆ ಅದು ನಿಜವಾದ ಎತ್ತರಕ್ಕಿಂತ ಸುಮಾರು 80 ಮೀಟರ್ ಹೆಚ್ಚಿನ ಎತ್ತರವನ್ನು ತೋರಿಸುತ್ತದೆ. ಮೋಡದೊಳಗೆ, ರಾತ್ರಿಯಲ್ಲಿ, ಗುಡ್ಡಗಳ ನಡುವೆ ಇಳಿಯುವಾಗ ಈ 80 ಮೀಟರ್ ಪ್ರಾಣಾಂತಿಕವಾಗಬಲ್ಲದು. ಆದ್ದರಿಂದಲೇ ಪ್ರತಿ ವಿಮಾನ ನಿಲ್ದಾಣವೂ ತನ್ನ ಆ ಹೊತ್ತಿನ ವಾಯುಭಾರವನ್ನು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿ ಪೈಲಟ್‌ಗೆ ತಿಳಿಸುತ್ತದೆ. ಪೈಲಟ್ ಅದನ್ನು ಕೇಳಿ, ತಾವೂ ಒಮ್ಮೆ ಗಟ್ಟಿಯಾಗಿ ಹೇಳಿ ಖಚಿತಪಡಿಸಿಕೊಂಡು, ಮಾಪಕವನ್ನು ಹೊಂದಿಸುತ್ತಾರೆ.

ಬಿಸಿಯ ಪರಿಣಾಮವನ್ನೂ ಇಲ್ಲಿಯೇ ಹೇಳಬಹುದು. ವಾಯುಭಾರ ಒಂದೇ ಇದ್ದಾಗ ಬಿಸಿ ಗಾಳಿ ತೆಳುವಾಗಿರುತ್ತದೆ. 15 ಡಿಗ್ರಿಯ ಗಾಳಿಗೆ ಹೋಲಿಸಿದರೆ 40 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 8ರಷ್ಟು ಕಡಿಮೆ. ಕೆಲ್ವಿನ್ ಮಾನದಲ್ಲಿ 288ನ್ನು 313ರಿಂದ ಭಾಗಿಸಿ ಮಕ್ಕಳೇ ಇದನ್ನು ಕಂಡುಕೊಳ್ಳಬಹುದು. ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಸಿಗುವ ಎತ್ತುವ ಬಲವೂ ಎಂಜಿನ್ನಿನ ಶಕ್ತಿಯೂ ಕಡಿಮೆಯಾಗುವುದರಿಂದ ವಿಮಾನವು ಹೆಚ್ಚು ದೂರ ಓಡಿ ಮೇಲೇರಬೇಕಾಗುತ್ತದೆ. ಮೋಡವೇ ಇಲ್ಲದ ಬೇಸಗೆಯ ನಡುಹಗಲು ಕೂಡ ಪೈಲಟ್‌ಗೆ ಲೆಕ್ಕ ಹಾಕಬೇಕಾದ ಹವೆಯೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

2. ಗಾಳಿ

ಗಾಳಿಯ ದಿಕ್ಕನ್ನು ಅದು ಹೋಗುವ ಕಡೆಯಿಂದಲ್ಲ, ಬರುವ ಕಡೆಯಿಂದ ಹೇಳುವುದು ವಾಡಿಕೆ. ಉತ್ತರವನ್ನು 360 ಡಿಗ್ರಿ, ಪೂರ್ವವನ್ನು 90, ದಕ್ಷಿಣವನ್ನು 180, ಪಶ್ಚಿಮವನ್ನು 270 ಎಂದು ಎಣಿಸುತ್ತಾರೆ. ವೇಗವನ್ನು ನಾಟ್‌ಗಳಲ್ಲಿ ಹೇಳುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್.

ರನ್‌ವೇಗಳ ಹೆಸರೂ ಈ ಡಿಗ್ರಿಗಳಿಂದಲೇ ಬಂದದ್ದು. ರನ್‌ವೇ ಮುಖ ಮಾಡಿರುವ ದಿಕ್ಕಿನ ಡಿಗ್ರಿಯನ್ನು ಹತ್ತರ ಸಮೀಪಕ್ಕೆ ತಂದು ಕೊನೆಯ ಸೊನ್ನೆಯನ್ನು ಬಿಡುತ್ತಾರೆ. ಮಂಗಳೂರಿನ ಮುಖ್ಯ ರನ್‌ವೇಯ ಎರಡು ತುದಿಗಳು 06 ಮತ್ತು 24. ಕೋಯಿಕ್ಕೋಡಿನದು 10 ಮತ್ತು 28. ಎರಡು ತುದಿಗಳ ನಡುವಿನ ಅಂತರ ಯಾವಾಗಲೂ 18 ಆಗಿರುವುದೇಕೆ ಎಂದು ಮಕ್ಕಳನ್ನು ಕೇಳಬೇಕು.

ವಿಮಾನವು ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು ಎಂಬುದು ಸಾಮಾನ್ಯ ನಿಯಮ. ಕಾರಣವನ್ನು ಒಂದು ಲೆಕ್ಕದಿಂದ ತೋರಿಸಬಹುದು. ಒಂದು ವಿಮಾನಕ್ಕೆ ಇಳಿಯುವಾಗ ಗಾಳಿಯಲ್ಲಿ 140 ನಾಟ್ ವೇಗ ಬೇಕೆಂದು ಇಟ್ಟುಕೊಳ್ಳೋಣ. ಎದುರುಗಾಳಿ 10 ನಾಟ್ ಇದ್ದರೆ ನೆಲಕ್ಕೆ ಸಂಬಂಧಿಸಿದಂತೆ ಅದರ ವೇಗ 130. ಹಿಂಗಾಳಿ 10 ನಾಟ್ ಇದ್ದರೆ 150. ವ್ಯತ್ಯಾಸ ಅಲ್ಪವೆಂದು ತೋರುತ್ತದೆ. ಆದರೆ ಬ್ರೇಕುಗಳು ತಡೆಯಬೇಕಾದ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. 150ರ ವರ್ಗ 22,500. 130ರ ವರ್ಗ 16,900. ಅಂದರೆ ಅದೇ ವಿಮಾನವನ್ನು ನಿಲ್ಲಿಸಲು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿನ ಶಕ್ತಿಯನ್ನು ಹೀರಬೇಕಾಗುತ್ತದೆ. ರನ್‌ವೇ ಮಳೆಯಿಂದ ಒದ್ದೆಯಾಗಿದ್ದರೆ ಚಕ್ರದ ಹಿಡಿತವೂ ಕಡಿಮೆ. ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಲು ಮಕ್ಕಳಿಗೆ ಹೇಳಬೇಕು. ಪಾಠದ ಕೊನೆಯ ಭಾಗದಲ್ಲಿ ಅದು ಮತ್ತೆ ಬರುತ್ತದೆ.

3. ಇಬ್ಬನಿ ಬಿಂದು, ಮೋಡ, ಮಂಜು

ಗಾಳಿಯಲ್ಲಿ ಕಾಣದ ನೀರಾವಿ ಇರುತ್ತದೆ. ಗಾಳಿ ತಣಿದಂತೆ, ಒಂದು ತಾಪಮಾನದಲ್ಲಿ ಆ ಆವಿ ಹನಿಯಾಗತೊಡಗುತ್ತದೆ. ಅದೇ ಇಬ್ಬನಿ ಬಿಂದು. ಗಾಳಿಯ ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು ಪೈಲಟ್ ಬಹಳ ಎಚ್ಚರದಿಂದ ಗಮನಿಸುತ್ತಾರೆ. ಅಂತರ ದೊಡ್ಡದಾಗಿದ್ದರೆ ಗಾಳಿ ಒಣಗಿದೆ. ಅಂತರ ಕಿರಿದಾಗುತ್ತ ಬಂದರೆ ಮೋಡ ಕೆಳಗಿಳಿಯುವ ಅಥವಾ ಮಂಜು ಕವಿಯುವ ಸೂಚನೆ.

ನೆಲದ ಬಿಸಿಗೆ ಮೇಲೇಳುವ ಗಾಳಿಯಿಂದ ಹುಟ್ಟುವ ರಾಶಿ ಮೋಡಗಳ ತಳವನ್ನು ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ. ತಾಪಮಾನದಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರುಗಳಲ್ಲಿ ಸಿಗುತ್ತದೆ. ತಾಪಮಾನ 30, ಇಬ್ಬನಿ ಬಿಂದು 22 ಆಗಿದ್ದರೆ ಅಂತರ 8. ಮೋಡದ ತಳ ಸುಮಾರು 1,000 ಮೀಟರ್. ಇದು ಅಂದಾಜು ಮಾತ್ರ. ಪದರು ಮೋಡಗಳಿಗೆ ಈ ಸೂತ್ರವನ್ನು ಬಳಸಬಾರದು.

ಮಂಜೆಂಬುದು ನೆಲಕ್ಕೆ ತಾಗಿದ ಮೋಡವಲ್ಲದೆ ಬೇರೆಯಲ್ಲ. ಗೋಚರತೆ, ಅಂದರೆ ಕಣ್ಣು ಕಾಣುವ ದೂರ, 1,000 ಮೀಟರಿಗಿಂತ ಕಡಿಮೆಯಾದಾಗ ಹವಾಶಾಸ್ತ್ರದಲ್ಲಿ ಅದನ್ನು ಮಂಜು ಎನ್ನುತ್ತಾರೆ. ಚಳಿಗಾಲದ ನಿರ್ಮಲ ರಾತ್ರಿಯಲ್ಲಿ ನೆಲವು ತನ್ನ ಬಿಸಿಯನ್ನು ಹೊರಸೂಸಿ ತಣಿಯುತ್ತದೆ; ಅದಕ್ಕೆ ತಾಗಿದ ತೇವದ ಗಾಳಿಯೂ ತಣಿದು ಮಂಜಾಗುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಚಳಿಗಾಲದ ಬೆಳಗುಗಳಲ್ಲಿ ವಿಮಾನಗಳು ತಡವಾಗುವುದಕ್ಕೆ ಹಲವು ವೇಳೆ ಇದೇ ಕಾರಣ. ಬಿಸಿಲೇರಿ ನೆಲ ಕಾದಂತೆ ಇಂಥ ಮಂಜು ಕರಗುತ್ತದೆ. ನೀಲಗಿರಿಯ ಮಂಜಿನ ಬಗೆ ಬೇರೆ: ತೇವದ ಗಾಳಿ ಬೆಟ್ಟವನ್ನು ಹತ್ತುವಾಗ ತಣಿದು ಮೋಡವಾಗುತ್ತದೆ. ಬಯಲಿನಲ್ಲಿ ನಿಂತವನಿಗೆ ಅದು ಬೆಟ್ಟಕ್ಕೆ ಕವಿದ ಮೋಡ. ಬೆಟ್ಟದ ಮೇಲಿನ ಶಾಲೆಯ ಮಗುವಿಗೆ ಅದೇ ಮಂಜು. ಗಾಳಿ ಬೀಸುತ್ತಿರುವವರೆಗೆ ಬಿಸಿಲೇರಿದರೂ ಅದು ಉಳಿಯಬಹುದು.

ಪಶ್ಚಿಮ ಘಟ್ಟಗಳ ಮಳೆಗೂ ಮಳೆ ನೆರಳಿಗೂ ಕಾರಣ ಇದೇ ಏರಿಳಿತ. ನೈರುತ್ಯ ಮಾರುತ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಬಂದು ಘಟ್ಟವನ್ನೇರಿ ತಣಿದು ಕರಾವಳಿಯಲ್ಲಿ ಮಳೆ ಸುರಿಸುತ್ತದೆ. ಘಟ್ಟ ದಾಟಿ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಕಾಸರಗೋಡಿನ ಮಳೆ ಮತ್ತು ಜತ್ತದ ಒಣಹವೆ ಒಂದೇ ಗಾಳಿಯ ಎರಡು ಮುಖಗಳೆಂದು ಭೂಪಟವನ್ನು ತೋರಿಸಿ ವಿವರಿಸಬೇಕು.

4. ಗುಡುಗು ಮೋಡ

ಪೈಲಟ್ ಯಾವ ಕಾರಣಕ್ಕೂ ಒಳಹೊಗಬಾರದ ಮೋಡವೊಂದಿದೆ. ಅದು ಕ್ಯುಮುಲೋನಿಂಬಸ್ ಎಂದು ಕರೆಯಲಾಗುವ ಗುಡುಗು ಮೋಡ. ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳುಗಳ ಸಂಜೆಗಳಲ್ಲಿ ನಮ್ಮ ಒಳನಾಡಿನಲ್ಲಿ ಇದು ಬೆಟ್ಟದಂತೆ ಬೆಳೆದು, ನೆತ್ತಿಯಲ್ಲಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಇದರ ಬಾಳಿಗೆ ಮೂರು ಅವಸ್ಥೆಗಳು. ಮೊದಲನೆಯದರಲ್ಲಿ ಬಿಸಿ ಗಾಳಿ ಮೇಲೇರಿ ಮೋಡ ಬೆಳೆಯುತ್ತದೆ. ಎರಡನೆಯದರಲ್ಲಿ ಮೇಲೇರುವ ಗಾಳಿಯೂ ಮಳೆಯೊಡನೆ ಕೆಳಗಿಳಿಯುವ ಗಾಳಿಯೂ ಅಕ್ಕಪಕ್ಕದಲ್ಲಿರುತ್ತವೆ. ಮಿಂಚು, ಆಲಿಕಲ್ಲು, ತೀವ್ರವಾದ ಕುಲುಕಾಟ ಆಗ ಉಂಟಾಗುತ್ತವೆ. ಮೂರನೆಯದರಲ್ಲಿ ಕೆಳಗಿಳಿಯುವ ಗಾಳಿಯೇ ಉಳಿದು ಮೋಡ ಕರಗುತ್ತದೆ.

ಈ ಕೆಳಗಿಳಿಯುವ ಗಾಳಿಯ ಗುಟ್ಟನ್ನು ಬಯಲಿಗೆ ತಂದವರು ಜಪಾನಿನಲ್ಲಿ ಹುಟ್ಟಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ಹವಾವಿಜ್ಞಾನಿ ಟೆಟ್ಸುಯಾ ಥಿಯೊಡೋರ್ ಫುಜಿತಾ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಗುಡುಗು ಮಳೆಯ ನಡುವೆ ಇಳಿಯುತ್ತಿದ್ದ ವಿಮಾನವೊಂದು ರನ್‌ವೇಯನ್ನು ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿತು. ಅದರ ಕಾರಣವನ್ನು ಹುಡುಕಿದ ಫುಜಿತಾ, ಮೋಡದಿಂದ ರಭಸವಾಗಿ ಬೀಳುವ ಗಾಳಿಯು ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಚಿಮ್ಮುತ್ತದೆಂದು ತೋರಿಸಿದರು. 1945ರಲ್ಲಿ ಅಣುಬಾಂಬಿಗೆ ತುತ್ತಾದ ನಗರಗಳನ್ನು ಪರಿಶೀಲಿಸಿದ್ದಾಗ ಅವರು ಕಂಡ, ನಡುವಿನಿಂದ ಹೊರಮುಖವಾಗಿ ಬಿದ್ದ ಮರಗಳ ವಿನ್ಯಾಸವೇ ಈ ಊಹೆಗೆ ದಾರಿಯಾಗಿತ್ತು. ಇಂಥ ಚಿಕ್ಕ, ತೀವ್ರ ಇಳಿಗಾಳಿಗೆ ಮೈಕ್ರೋಬರ್ಸ್ಟ್ ಎಂದು ಹೆಸರಾಯಿತು. ಅದರ ಹರವು ನಾಲ್ಕು ಕಿಲೋಮೀಟರಿಗಿಂತ ಕಡಿಮೆ. ಕೆಲವೇ ನಿಮಿಷಗಳ ಆಯುಷ್ಯ.

ವಿಮಾನಕ್ಕೆ ಅದು ಮೋಸಗಾರ. ಅದರ ಅಂಚನ್ನು ಹೊಕ್ಕಾಗ ಮೊದಲು ಬಲವಾದ ಎದುರುಗಾಳಿ ಸಿಕ್ಕಿ ವಿಮಾನ ತಾನಾಗಿ ಮೇಲೆದ್ದಂತಾಗುತ್ತದೆ. ಪೈಲಟ್ ಎಂಜಿನ್ನಿನ ಬಲವನ್ನು ತಗ್ಗಿಸಿದರೆ, ಮರುಕ್ಷಣವೇ ಕೆಳಗೊತ್ತುವ ಗಾಳಿ, ಅದರ ಹಿಂದೆಯೇ ಹಿಂಗಾಳಿ. ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಒಮ್ಮೆಲೇ ಕುಸಿದು ವಿಮಾನ ಬೀಳತೊಡಗುತ್ತದೆ. ಮೊದಲು ಸಿಕ್ಕ ಅನುಕೂಲವೇ ಬರಲಿರುವ ಆಪತ್ತಿನ ಮುನ್ಸೂಚನೆ ಎಂದು ಈಗ ಎಲ್ಲ ಪೈಲಟ್‌ಗಳಿಗೂ ಕಲಿಸಲಾಗುತ್ತದೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಇಂಥದೇ ದುರಂತದ ಬಳಿಕ ಈ ತರಬೇತಿಯೂ ಇದನ್ನು ಪತ್ತೆಹಚ್ಚುವ ರಾಡಾರ್ ಉಪಕರಣಗಳೂ ವ್ಯಾಪಕವಾಗಿ ಬಳಕೆಗೆ ಬಂದವು.

ತರಗತಿಯಲ್ಲಿ ಒಂದು ಲೋಟ ನೀರನ್ನು ಸಮತಟ್ಟಾದ ನೆಲಕ್ಕೆ ಮೇಲಿನಿಂದ ಸುರಿದು, ಅದು ಬಿದ್ದ ಜಾಗದಿಂದ ಸುತ್ತಲೂ ಚಿಮ್ಮುವುದನ್ನು ತೋರಿಸಿದರೆ ವಿಷಯ ಮನದಟ್ಟಾಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆರಳನ್ನು ಸಾಗಿಸಿ, ಮೊದಲು ಎದುರು ಹರಿವು, ಆಮೇಲೆ ಹಿಂದಿನಿಂದ ಹರಿವು ಎಂಬುದನ್ನು ಮಕ್ಕಳೇ ಗುರುತಿಸಲಿ.

5. ಹವಾವರದಿಯನ್ನು ಓದುವುದು

ನಮ್ಮ ದೇಶದಲ್ಲಿ ವಿಮಾನಯಾನಕ್ಕೆ ಬೇಕಾದ ಹವಾಸೇವೆಯನ್ನು ಭಾರತೀಯ ಹವಾಮಾನ ಇಲಾಖೆ ಒದಗಿಸುತ್ತದೆ. ಈ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ವಿಮಾನ ನಿಲ್ದಾಣದ ಆ ಹೊತ್ತಿನ ಹವೆಯನ್ನು ತಿಳಿಸುವ ವರದಿಗೆ ಮೆಟಾರ್ ಎಂದೂ, ಮುಂದಿನ ಗಂಟೆಗಳ ಮುನ್ಸೂಚನೆಗೆ ಟಾಫ್ ಎಂದೂ ಹೆಸರು. ಜಗತ್ತಿನಾದ್ಯಂತ ಇವನ್ನು ಒಂದೇ ಕ್ರಮದಲ್ಲಿ, ಚಿಕ್ಕ ಸಂಕೇತಗಳಲ್ಲಿ ಬರೆಯುತ್ತಾರೆ. ವೇಳೆಯನ್ನು ಸ್ಥಳೀಯವಾಗಿ ಕೊಡದೆ ವಿಶ್ವ ಪ್ರಮಾಣ ಸಮಯದಲ್ಲಿ ಕೊಡುತ್ತಾರೆ. ಅದಕ್ಕೆ 5 ಗಂಟೆ 30 ನಿಮಿಷ ಸೇರಿಸಿದರೆ ಭಾರತೀಯ ವೇಳೆ.

ಮೋಡದ ಪ್ರಮಾಣವನ್ನು ಓಕ್ಟಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಇಡೀ ಆಕಾಶವನ್ನು ಎಂಟು ಪಾಲು ಮಾಡಿ, ಎಷ್ಟು ಪಾಲು ಮುಚ್ಚಿದೆ ಎಂದು ಎಣಿಸುವುದೇ ಓಕ್ಟಾ. 1–2 ಆದರೆ ಕೆಲವು ಮೋಡ, 3–4 ಆದರೆ ಚದುರಿದ ಮೋಡ, 5–7 ಆದರೆ ಬಹುತೇಕ ಕವಿದ ಮೋಡ, 8 ಆದರೆ ಪೂರ್ತಿ ಕವಿದ ಮೋಡ. ಐದು ಅಥವಾ ಹೆಚ್ಚು ಓಕ್ಟಾ ಇರುವ ಅತ್ಯಂತ ಕೆಳಗಿನ ಪದರವನ್ನು ಮೋಡದ ಚಾವಣಿ ಎಂದು ಭಾವಿಸುತ್ತಾರೆ.

ತರಗತಿಯ ಉಪಯೋಗಕ್ಕಾಗಿ ಕಲ್ಪಿಸಿದ ವರದಿಯೊಂದು ಇಲ್ಲಿದೆ. ಇದನ್ನು ಹಲಗೆಯ ಮೇಲೆ ಬರೆಯಬೇಕು.

ವೇಳೆ: 0900
ಗಾಳಿ: 270 ಡಿಗ್ರಿಯಿಂದ 12 ನಾಟ್
ಗೋಚರತೆ: 2,000 ಮೀಟರ್, ಮಳೆ
ಮೋಡ: 2 ಓಕ್ಟಾ 800 ಅಡಿಯಲ್ಲಿ, 6 ಓಕ್ಟಾ 1,500 ಅಡಿಯಲ್ಲಿ
ತಾಪಮಾನ 25, ಇಬ್ಬನಿ ಬಿಂದು 24
ವಾಯುಭಾರ: 1006

ಮಕ್ಕಳಿಂದ ಹೀಗೆ ಉತ್ತರಗಳನ್ನು ಪಡೆಯಬೇಕು. ಭಾರತೀಯ ವೇಳೆ ಮಧ್ಯಾಹ್ನ 2 ಗಂಟೆ 30 ನಿಮಿಷ. ಗಾಳಿ ಪಶ್ಚಿಮದಿಂದ. ರನ್‌ವೇ 10 ಮತ್ತು 28 ಇರುವ ನಿಲ್ದಾಣವಾದರೆ 28ರ ದಿಕ್ಕಿನಲ್ಲಿ ಇಳಿದರೆ ಎದುರುಗಾಳಿ, 10ರ ದಿಕ್ಕಿನಲ್ಲಿ ಇಳಿದರೆ ಹಿಂಗಾಳಿ. ಮೋಡದ ಚಾವಣಿ 800 ಅಡಿಯಲ್ಲ, 1,500 ಅಡಿ. ಇಬ್ಬನಿ ಬಿಂದುವಿನ ಅಂತರ ಕೇವಲ 1 ಡಿಗ್ರಿ. ಹವೆ ಇನ್ನೂ ಕೆಡುವ ಸಂಭವವಿದೆ. ವಾಯುಭಾರ ಪ್ರಮಾಣಕ್ಕಿಂತ 7 ಹೆಕ್ಟೊಪಾಸ್ಕಲ್ ಕಡಿಮೆ. ಮಾಪಕವನ್ನು 1013ರಲ್ಲಿಯೇ ಬಿಟ್ಟರೆ ಸುಮಾರು 56 ಮೀಟರ್ ತಪ್ಪು. ಆರು ಸಾಲಿನ ವರದಿಯಿಂದ ಇಷ್ಟನ್ನು ಓದಬಲ್ಲ ವಿದ್ಯಾರ್ಥಿಗೆ ಪಾಠದ ಮುಕ್ಕಾಲು ಪಾಲು ತಿಳಿದಂತೆಯೇ.

6. ಮಿತಿ ಮತ್ತು ನಿರ್ಧಾರ

ಅಳತೆಯೆಲ್ಲ ನಿರ್ಧಾರಕ್ಕಾಗಿ. ಪ್ರತಿ ನಿಲ್ದಾಣದಲ್ಲಿ ಉಪಕರಣಗಳ ನೆರವಿನಿಂದ ಇಳಿಯುವಾಗ ಇಂತಿಷ್ಟು ಎತ್ತರಕ್ಕೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪಗಳು ಕಾಣಲೇಬೇಕು ಎಂಬ ಮಿತಿ ಇರುತ್ತದೆ. ಕಾಣದಿದ್ದರೆ ಮರಳಿ ಮೇಲೇರಬೇಕು. ಕಂಡರೂ ವೇಗ, ಇಳಿಜಾರು, ದಿಕ್ಕು ಇವು ಹದದಲ್ಲಿಲ್ಲದಿದ್ದರೆ ಆಗಲೂ ಮೇಲೇರಬೇಕು. ಇನ್ನೊಂದು ನಿಲ್ದಾಣಕ್ಕೆ ಹೋಗಿ, ಅಲ್ಲಿಯೂ ಸ್ವಲ್ಪ ಹೊತ್ತು ಸುತ್ತಲು ಸಾಕಾಗುವಷ್ಟು ಇಂಧನವನ್ನು ಹೊರಡುವ ಮೊದಲೇ ತುಂಬಿಸಿಕೊಂಡಿರುತ್ತಾರೆ. ಇವೆಲ್ಲ ನೆಲದ ಮೇಲೆ, ಮನಸ್ಸು ಶಾಂತವಾಗಿರುವಾಗ, ಮೊದಲೇ ಗೊತ್ತುಮಾಡಿಕೊಂಡವು. ಏಕೆಂದರೆ ಮಳೆ ಬಡಿಯುತ್ತಿರುವಾಗ, ಊರಿನ ದೀಪಗಳು ಕಾಣುತ್ತಿರುವಾಗ, 'ಇಷ್ಟು ದೂರ ಬಂದಾಯಿತು, ಇನ್ನೊಂದು ನಿಮಿಷ ಸಾಕು' ಎಂದು ಮನಸ್ಸು ಹೇಳುವುದು ಸಹಜ. ಆ ಮಾತಿಗೆ ಎದುರಾಗಿ ನಿಲ್ಲಬಲ್ಲದ್ದು ಮೊದಲೇ ಬರೆದಿಟ್ಟ ಅಂಕಿ ಮಾತ್ರ.

ಈ ಮಾತಿಗೆ ನಮ್ಮ ಕರಾವಳಿಯೇ ಸಾಕ್ಷಿ. 2020ರ ಆಗಸ್ಟ್ 7ರ ಸಂಜೆ, ಕೋವಿಡ್ ಕಾಲದಲ್ಲಿ ದುಬೈಯಿಂದ ನಮ್ಮವರನ್ನು ಕರೆತರುತ್ತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವೊಂದು ಮುಂಗಾರು ಮಳೆಯಲ್ಲಿ ಕೋಯಿಕ್ಕೋಡಿಗೆ ಬಂದಿತು. ವಿಮಾನದಲ್ಲಿ 190 ಜನರಿದ್ದರು. ಮೊದಲು 28ರ ದಿಕ್ಕಿನಲ್ಲಿ ಇಳಿಯಲು ಪ್ರಯತ್ನಿಸಿ ಪೈಲಟ್‌ಗಳು ಮರಳಿ ಮೇಲೇರಿದರು. ಅದು ಸರಿಯಾದ ನಿರ್ಧಾರವೇ ಆಗಿತ್ತು. ಎರಡನೆಯ ಬಾರಿ 10ರ ದಿಕ್ಕಿನಲ್ಲಿ ಇಳಿಯಲು ಬಂದರು. ಆಗ ಸುಮಾರು 14 ನಾಟ್ ಹಿಂಗಾಳಿ ಇತ್ತು, ರನ್‌ವೇ ಒದ್ದೆಯಾಗಿತ್ತು, ಕ್ಯಾಪ್ಟನ್ ಕಡೆಯ ಗಾಜಿನ ವೈಪರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸುಮಾರು 2,700 ಮೀಟರ್ ಉದ್ದದ ರನ್‌ವೇಯ ಅರ್ಧದಷ್ಟು ದೂರ ಕಳೆದ ಮೇಲೆ ಚಕ್ರಗಳು ನೆಲವನ್ನು ಮುಟ್ಟಿದವು. ಮೇಜಿನಂತೆ ಮಟ್ಟ ಮಾಡಿದ ಗುಡ್ಡದ ಮೇಲಿನ ಆ ರನ್‌ವೇಯ ಅಂಚನ್ನು ದಾಟಿ ವಿಮಾನ ಕೆಳಕ್ಕೆ ಬಿದ್ದು ಒಡೆಯಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನರು ಮೃತರಾದರು. ಮಳೆಯನ್ನೂ ಸೋಂಕಿನ ಭಯವನ್ನೂ ಲೆಕ್ಕಿಸದೆ ಸುತ್ತಲಿನ ಊರವರು ಧಾವಿಸಿ ಬಂದು ಗಾಯಾಳುಗಳನ್ನು ಆಸ್ಪತ್ರೆಗಳಿಗೆ ಸಾಗಿಸಿದರು.

ವಿಮಾನ ಅಪಘಾತ ತನಿಖಾ ಬ್ಯೂರೋ ತನ್ನ ವರದಿಯಲ್ಲಿ ಮಳೆಯನ್ನು ಮುಖ್ಯ ಕಾರಣವೆಂದು ಹೇಳಲಿಲ್ಲ. ಹದ ತಪ್ಪಿದ ಇಳಿಕೆಯನ್ನು ಮುಂದುವರಿಸಿದ್ದು, ಸಹಪೈಲಟ್ 'ಮರಳಿ ಮೇಲೇರೋಣ' ಎಂದು ಕೂಗಿ ಹೇಳಿದರೂ ಮೇಲೇರದೆ ಹೋದದ್ದು, ಸಹಪೈಲಟ್ ತಾವೇ ನಿಯಂತ್ರಣವನ್ನು ವಹಿಸಿಕೊಳ್ಳದೆ ಇದ್ದದ್ದು ಇವನ್ನು ಸಂಭವನೀಯ ಕಾರಣವಾಗಿ ಗುರುತಿಸಿತು. ಇದಕ್ಕೆ ಹತ್ತು ವರ್ಷ ಮೊದಲು, 2010ರ ಮೇ 22ರ ಬೆಳಗ್ಗೆ ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ಅಪಘಾತದಲ್ಲಿ ಹವೆ ತೊಡಕಾಗಿರಲಿಲ್ಲ. ಅಲ್ಲಿಯೂ ಸಹಪೈಲಟ್ ಎಚ್ಚರಿಸಿದ್ದರೂ ಹದ ತಪ್ಪಿದ ಇಳಿಕೆಯನ್ನು ಕೈಬಿಡದಿದ್ದದ್ದೇ ಕಾರಣವೆಂದು ತನಿಖೆ ಹೇಳಿತು. ಎರಡನ್ನೂ ಜೊತೆಗಿಟ್ಟು ನೋಡಿದರೆ ಪಾಠ ಸ್ಪಷ್ಟವಾಗುತ್ತದೆ. ಹವೆ ನಮ್ಮ ಕೈಯಲ್ಲಿಲ್ಲ. ಮಿತಿ ನಮ್ಮ ಕೈಯಲ್ಲಿದೆ. ಕೆಟ್ಟ ಹವೆಯು ತಪ್ಪಿಗೆ ಉಳಿದಿದ್ದ ಅವಕಾಶವನ್ನು ಕಿರಿದುಗೊಳಿಸುತ್ತದೆ, ಅಷ್ಟೆ.

ಶಿಕ್ಷಕರ ಗಮನಕ್ಕೆ: ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಅನೇಕ ಮನೆಗಳು 2010ರ ಅಪಘಾತದಲ್ಲಿ ತಮ್ಮವರನ್ನು ಕಳೆದುಕೊಂಡಿವೆ. ಆ ಭಾಗದ ಶಾಲೆಗಳಲ್ಲಿ ಈ ವಿಷಯವನ್ನು ಎತ್ತುವ ಮೊದಲು ತರಗತಿಯಲ್ಲಿ ಅಂಥ ಮನೆಯ ಮಕ್ಕಳಿದ್ದಾರೆಯೇ ಎಂದು ತಿಳಿದುಕೊಳ್ಳಬೇಕು. ಇದ್ದರೆ ಘಟನೆಯನ್ನು ಬಿಟ್ಟು ಲೆಕ್ಕವನ್ನು ಮಾತ್ರ ಬೋಧಿಸಬಹುದು. ಮೃತ ಪೈಲಟ್‌ಗಳನ್ನು ಹಳಿಯುವ ಧಾಟಿ ಎಲ್ಲಿಯೂ ಬರಬಾರದು. ತನಿಖೆಯ ಉದ್ದೇಶ ದೂಷಣೆಯಲ್ಲ, ಮುಂದಿನವರ ರಕ್ಷಣೆ ಎಂಬುದನ್ನು ಮಕ್ಕಳಿಗೆ ತಿಳಿಯಪಡಿಸಬೇಕು.

7. ತರಗತಿ ಚಟುವಟಿಕೆಗಳು

ಅ. ಇಬ್ಬನಿ ಬಿಂದುವನ್ನು ಕಂಡುಹಿಡಿಯುವುದು. ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧದಷ್ಟು ನೀರು ತುಂಬಿ ತಾಪಮಾಪಕವನ್ನಿಡುವುದು. ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕಿ ಕಲಕುತ್ತಿರುವುದು. ಲೋಟದ ಹೊರಮೈ ಮಸುಕಾದ ಕ್ಷಣದ ತಾಪಮಾನವೇ ಇಬ್ಬನಿ ಬಿಂದು. ಲೋಟದ ಹತ್ತಿರ ಉಸಿರು ಬಿಡದಂತೆ ಎಚ್ಚರಿಸಬೇಕು. ಮಳೆಗಾಲದಲ್ಲಿ ಬೇಗನೆ ಮಸುಕಾಗುತ್ತದೆ. ಒಣ ಊರುಗಳ ಬೇಸಗೆಯಲ್ಲಿ ಬಹಳಷ್ಟು ಮಂಜುಗಡ್ಡೆ ಬೇಕಾಗಬಹುದು. ಆ ವ್ಯತ್ಯಾಸವೇ ಒಂದು ಪಾಠ.

ಆ. ಗೋಚರತೆಯ ಪಟ್ಟಿ. ಶಾಲೆಯ ಅಂಗಳದಿಂದ ಕಾಣುವ ಗುರುತುಗಳನ್ನು – ತೆಂಗಿನ ಮರ, ದೇವಸ್ಥಾನದ ಗೋಪುರ, ಮಸೀದಿಯ ಮಿನಾರು, ಮೊಬೈಲ್ ಗೋಪುರ, ದೂರದ ಗುಡ್ಡ – ಅವುಗಳ ದೂರದೊಂದಿಗೆ ಪಟ್ಟಿ ಮಾಡುವುದು. ಪ್ರತಿದಿನ ಪ್ರಾರ್ಥನೆಯ ವೇಳೆಗೆ ಎಷ್ಟನೆಯ ಗುರುತಿನವರೆಗೆ ಕಾಣುತ್ತದೆಂದು ಬರೆಯುವುದು.

ಇ. ಓಕ್ಟಾ ಎಣಿಕೆ. ಅಂಗಳದಲ್ಲಿ ಕನ್ನಡಿಯನ್ನು ಮಲಗಿಸಿಟ್ಟು ಅದರ ಮೇಲೆ ದಾರದಿಂದ ಎಂಟು ಪಾಲು ಮಾಡಿ, ಮೋಡದ ಪ್ರತಿಬಿಂಬ ತುಂಬಿದ ಪಾಲುಗಳನ್ನು ಎಣಿಸುವುದು. ಸೂರ್ಯನ ಪ್ರತಿಬಿಂಬವನ್ನು ನೋಡಬಾರದು. ಸೂರ್ಯನು ಮೋಡದಿಂದ ಮರೆಯಾದಾಗ ಅಥವಾ ಬೆಳಗ್ಗೆ ಸೂರ್ಯ ಕೆಳಗಿದ್ದಾಗ ಮಾತ್ರ ಇದನ್ನು ಮಾಡಿಸಬೇಕು.

ಈ. ಗಾಳಿಚೀಲ. ಹಳೆಯ ಸೀರೆಯ ಬಟ್ಟೆಯಿಂದ ಎರಡೂ ಕಡೆ ತೆರೆದ, ಒಂದು ಕಡೆ ಕಿರಿದಾದ ಚೀಲವನ್ನು ಹೊಲಿದು ತಂತಿಯ ಬಳೆಗೆ ಕಟ್ಟಿ ಕಂಬಕ್ಕೆ ಏರಿಸುವುದು. ಚೀಲದ ಬಾಯಿ ತಿರುಗಿದ ದಿಕ್ಕೇ ಗಾಳಿ ಬರುವ ದಿಕ್ಕು.

ಉ. ಹೋಗುವ–ನಿಲ್ಲುವ ಚೀಟಿ. ಇದು ಪಾಠದ ಮುಖ್ಯ ಚಟುವಟಿಕೆ. ಮಕ್ಕಳನ್ನು ಇಬ್ಬಿಬ್ಬರಾಗಿ ವಿಂಗಡಿಸಿ, ಒಬ್ಬರನ್ನು ಪೈಲಟ್ ಎಂದೂ ಇನ್ನೊಬ್ಬರನ್ನು ಸಹಪೈಲಟ್ ಎಂದೂ ಗೊತ್ತುಪಡಿಸಬೇಕು. ವರದಿಯನ್ನು ತೋರಿಸುವ ಮೊದಲು ಪ್ರತಿ ಜೋಡಿಯೂ ತನ್ನ ಮಿತಿಯನ್ನು ಚೀಟಿಯಲ್ಲಿ ಬರೆದು ಶಿಕ್ಷಕರ ಕೈಗೆ ಕೊಡಬೇಕು: ಗೋಚರತೆ ಇಷ್ಟಕ್ಕಿಂತ ಕಡಿಮೆಯಾದರೆ, ಮೋಡದ ಚಾವಣಿ ಇಷ್ಟಕ್ಕಿಂತ ಕೆಳಗಿದ್ದರೆ, ಹಿಂಗಾಳಿ ಇಷ್ಟನ್ನು ಮೀರಿದರೆ ಇಳಿಯುವುದಿಲ್ಲ. ಅನಂತರ ಶಿಕ್ಷಕರು ಐದೈದು ನಿಮಿಷಗಳಿಗೊಂದರಂತೆ ಹೆಚ್ಚು ಹೆಚ್ಚು ಕೆಡುವ ಮೂರು ವರದಿಗಳನ್ನು ಓದಬೇಕು. ಪೈಲಟ್ ಆದವರು ಇಳಿಯುವ ಹಂಬಲದಿಂದ ಮಿತಿಯನ್ನು ಸಡಿಲಿಸಲು ನೋಡಿದರೆ ಸಹಪೈಲಟ್ ಗಟ್ಟಿಯಾಗಿ 'ಮೇಲೇರೋಣ' ಎನ್ನಬೇಕು. ಹಾಗೆ ಹೇಳಿದೊಡನೆ ಪೈಲಟ್ ಒಪ್ಪಲೇಬೇಕು ಎಂಬುದು ಆಟದ ನಿಯಮ. ಮೆಲುದನಿಯ ಮಕ್ಕಳನ್ನೇ ಸಹಪೈಲಟ್‌ರನ್ನಾಗಿ ಆರಿಸುವುದು ಒಳಿತು. ಹಿರಿಯರಿಗೂ ಮೇಲಿನವರಿಗೂ ಗೌರವದಿಂದ, ಆದರೆ ಸ್ಪಷ್ಟವಾಗಿ, 'ಬೇಡ' ಎನ್ನುವುದನ್ನು ಕಲಿಯಬೇಕಾದವರು ಅವರೇ.

8. ಮೌಲ್ಯಮಾಪನ

1. ತಾಪಮಾನ 27, ಇಬ್ಬನಿ ಬಿಂದು 24 ಇದ್ದಾಗ ರಾಶಿ ಮೋಡದ ತಳ ಎಷ್ಟು ಎತ್ತರದಲ್ಲಿರಬಹುದು? (ಉತ್ತರ: ಸುಮಾರು 375 ಮೀಟರ್.)
2. ರನ್‌ವೇಯ ಒಂದು ತುದಿ 07 ಆದರೆ ಇನ್ನೊಂದು ತುದಿಯ ಸಂಖ್ಯೆ ಏನು? ಗಾಳಿ 250 ಡಿಗ್ರಿಯಿಂದ ಬೀಸುತ್ತಿದ್ದರೆ ಯಾವ ಸಂಖ್ಯೆಯ ರನ್‌ವೇಯಲ್ಲಿ ಇಳಿಯಬೇಕು? (ಉತ್ತರ: 25, 25.)
3. ವರದಿಯ ವೇಳೆ 0630 ಎಂದಿದ್ದರೆ ಭಾರತೀಯ ವೇಳೆ ಎಷ್ಟು? (ಉತ್ತರ: ಮಧ್ಯಾಹ್ನ 12 ಗಂಟೆ.)
4. ಮೈಕ್ರೋಬರ್ಸ್ಟ್‌ನಲ್ಲಿ ಮೊದಲು ಸಿಗುವ ಎದುರುಗಾಳಿಯನ್ನು ಅಪಾಯದ ಸೂಚನೆ ಎನ್ನುವುದೇಕೆ?
5. ನಿಮ್ಮ ಊರಿನಲ್ಲಿ ದೋಣಿ ದಾಟಿಸುವವರು, ಜೇನು ತೆಗೆಯುವವರು, ಲಾರಿ ಓಡಿಸುವವರು, ಸಮುದ್ರಕ್ಕಿಳಿಯುವ ಮೀನುಗಾರರು ಇವರಲ್ಲಿ ಒಬ್ಬರನ್ನು ಕಂಡು, ಹವೆ ಹೇಗಿದ್ದರೆ ಅವರು ಕೆಲಸಕ್ಕೆ ಹೋಗುವುದಿಲ್ಲ ಎಂದು ಕೇಳಿ ಬರೆಯಿರಿ.

ಐದನೆಯ ಪ್ರಶ್ನೆಗೆ ಬರುವ ಉತ್ತರಗಳನ್ನು ತರಗತಿಯಲ್ಲಿ ಓದಿಸಬೇಕು. ಅನುಭವಿಗಳಾದ ಕೆಲಸಗಾರರೆಲ್ಲರಿಗೂ ತಮ್ಮದೇ ಆದ ಮಿತಿಗಳಿರುವುದು ಆಗ ಮಕ್ಕಳಿಗೆ ತಿಳಿಯುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಪೈಲಟ್ ಆಗುವವರು ವಿರಳ. ಆದರೆ ತುಂಬಿ ಹರಿಯುವ ಹಳ್ಳವನ್ನು ದಾಟಬೇಕಾದವರು, ಮಂಜಿನ ಘಟ್ಟದಲ್ಲಿ ಬಸ್ಸು ನಡೆಸಬೇಕಾದವರು, ಸಿಡಿಲಿನ ಹೊತ್ತಿನಲ್ಲಿ ಹೊಲದಲ್ಲಿರಬೇಕಾದವರು ಅವರಲ್ಲಿ ಅನೇಕರು. ನೀರು ಮೊಣಕಾಲಿಗೆ ಬಂದರೆ ದಾಟುವುದಿಲ್ಲ ಎಂದು ಮನೆಯಿಂದ ಹೊರಡುವ ಮೊದಲೇ ನಿಶ್ಚಯಿಸಿಕೊಂಡ ಮಗು, ಹಳ್ಳದ ದಡದಲ್ಲಿ ನಿಂತಾಗ ಹಿಂದಿರುಗಲು ನಾಚುವುದಿಲ್ಲ. ಅಷ್ಟು ಕಲಿಸಿದರೆ ಈ ಪಾಠ ಸಾರ್ಥಕ.